ತೀರ್ಥಹಳ್ಳಿಯ ಜಗುಲಿಯಲ್ಲಿ ಹೊಲಿಸಿದ ಎರಡು ಕೌದಿ

ಮಲೆನಾಡಿನಲ್ಲಿ ಹೊದಿಕೆ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಒಗೆದರೆ ಇದು ಎಷ್ಟು ಹೊತ್ತಿಗೆ ಒಣಗೀತು ಎಂಬುದು. ಬೆಚ್ಚಗಿಡುವ ಹೊದಿಕೆಗಳಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಾಗಲಿ ದುರ್ಗಿಗುಡಿಯಲ್ಲಾಗಲಿ ಈಗ ಕೊರತೆಯಿಲ್ಲ. ಆದರೆ ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೂಷ್ಟು ಹಿಡಿಯದೆ, ಮುಗ್ಗುಲು ವಾಸನೆ ಬಾರದೆ ಉಳಿಯುವ ಹೊದಿಕೆ ಸಿಗುವುದು ಅಪರೂಪ. ತೀರ್ಥಹಳ್ಳಿ ಪೇಟೆಯ ಒಳರಸ್ತೆಯೊಂದರ ಮನೆಯ ಜಗುಲಿಯಲ್ಲಿ, ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಕೌದಿ, ಅಂದರೆ ಹಳೆಯ ಬಟ್ಟೆಗಳ ಪದರ ಕೂಡಿಸಿದ ಹೊದಿಕೆ, ಹೊಲಿದುಕೊಡುವ ಹೆಂಗಸರ ಗುಂಪೊಂದಿದೆ. 2024ರ ಕೊನೆಯಲ್ಲಿ ಅವರಿಗೆ ಬಟ್ಟೆ ಕೊಟ್ಟು ಎರಡು ಕೌದಿ ಹೊಲಿಸಿಕೊಂಡೆ. ಅವನ್ನು ಒಂದು ಪೂರ್ತಿ ಮಳೆಗಾಲ ಹೊದ್ದು, ಒಗೆದು, ಒಣಗಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಗುಂಪಿಗೆ ಬೋರ್ಡೂ ಇಲ್ಲ, ಇಟ್ಟುಕೊಂಡ ಹೆಸರೂ ಇಲ್ಲ. ಪೇಟೆಯ ಬಟ್ಟೆ ಅಂಗಡಿಗಳಲ್ಲಿ ವಿಚಾರಿಸಿದರೆ, "ಕೌದಿ ಹೊಲಿಯೋರ ಮನೆಯಾ? ಹಿಂಗೇ ಹೋಗಿ" ಎಂದು ಕೈತೋರಿಸುತ್ತಾರೆ.

ವ್ಯವಸ್ಥೆ ಸರಳವಾಗಿದೆ. ಹಳೆಯ ಸೀರೆ, ಪಂಚೆಗಳನ್ನು ನಾವು ಒಯ್ದು ಕೊಡಬೇಕು. ದಾರ ಮತ್ತು ಅಂಚಿನ ಪಟ್ಟಿ ಅವರದು. ಮೇಲ್ಪದರದ ತುಂಡುಗಳಿಗೆ ನಮ್ಮ ಬಟ್ಟೆ ಸಾಲದಿದ್ದರೆ ಅವರ ಮೂಟೆಯಿಂದಲೇ ಹೊಂದಿಸುತ್ತಾರೆ. ಇಬ್ಬರು ಹೊದೆಯುವ ಅಳತೆಗೆ 2,200 ರೂಪಾಯಿ, ಒಬ್ಬರದಕ್ಕೆ 1,400, ತೊಟ್ಟಿಲ ಕೂಸಿನದಕ್ಕೆ 500 ಎಂದು ನಾನು ಕೊಟ್ಟಾಗ ಹೇಳಿದ ದರ. ಅರ್ಧ ಹಣ ಮುಂಗಡ, ಉಳಿದರ್ಧ ಕೌದಿ ಒಯ್ಯುವಾಗ. ರಸೀದಿ ಕೊಡುವುದಿಲ್ಲ, ಶಾಲಾ ನೋಟ್‌ಬುಕ್ಕಿನಲ್ಲಿ ಹೆಸರು, ಊರು, ಸೀರೆಗಳ ಎಣಿಕೆ ಬರೆದುಕೊಂಡು, ಆ ಪುಟದ ಮೂಲೆಗೆ ನಮ್ಮದೇ ಬಟ್ಟೆಯ ಒಂದು ಚೂರನ್ನು ಗುಂಡುಸೂಜಿಯಿಂದ ಸಿಕ್ಕಿಸಿಡುತ್ತಾರೆ. ಗಂಟುಗಳು ಅದಲು ಬದಲಾಗದಿರಲು ಇದಕ್ಕಿಂತ ಭದ್ರವಾದ ಉಪಾಯ ದೊಡ್ಡ ಡ್ರೈಕ್ಲೀನಿಂಗ್ ಅಂಗಡಿಗಳಲ್ಲೂ ನನಗೆ ಕಂಡಿಲ್ಲ.

ಇವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಹೊಲಿಗೆಗೂ ಮೊದಲಿನ ಹಂತ, ಅಂದರೆ ಬಟ್ಟೆಯ ಆಯ್ಕೆ. ಗಂಟು ಬಿಚ್ಚಿದ ಕೂಡಲೇ ಗುಂಪಿನ ಹಿರಿಯ ಹೆಂಗಸು, ಎಲ್ಲರೂ ಅತ್ತೆ ಎಂದು ಕರೆಯುವವರು, ಒಂದೊಂದೇ ಸೀರೆಯನ್ನು ಜಗುಲಿಯ ಅಂಚಿಗೆ ತಂದು ಬೆಳಕಿಗೆ ಅಡ್ಡ ಹಿಡಿದರು. ಎರಡು ಹೆಬ್ಬೆರಳುಗಳ ನಡುವೆ ಬಟ್ಟೆಯನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಎಳೆದು ನೋಡಿ, ನೂಲು ಸರಿದು ಬೆಳಕು ತೂರಿಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೀಟು ಹಾಕಿದರು. ಕುಳಿತು ಏಳುವಾಗ ಎಳೆತ ಬೀಳುವ ಜಾಗ ಮೊದಲು ಸವೆಯುತ್ತದೆ, ಸೆರಗಿನ ಕಡೆಯ ಬಟ್ಟೆ ಹೆಚ್ಚು ಕಾಲ ಗಟ್ಟಿಯಾಗಿರುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ಸವೆದ ಭಾಗವನ್ನು ಒಳಪದರಕ್ಕೂ ಗಟ್ಟಿ ಭಾಗವನ್ನು ಮೈಗೆ ತಾಗುವ ಪದರಕ್ಕೂ ಬೇರ್ಪಡಿಸುತ್ತಾರೆ. ಗಾಢ ಬಣ್ಣದ ಸೀರೆಗಳ ಮೂಲೆಯನ್ನು ಬಿಸಿನೀರಿನಲ್ಲಿ ಅದ್ದಿ, ಬಿಳಿ ಪಂಚೆಯ ತುಂಡಿನ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿದರು. ನಾನು ನೂಲಿನದೆಂದೇ ನಂಬಿ ಕೊಟ್ಟಿದ್ದ ಒಂದು ಸೀರೆಯ ಬಗ್ಗೆ ಅನುಮಾನ ಬಂದಾಗ ಅದರ ಒಂದು ಎಳೆ ಕಿತ್ತು ದೀಪದ ಕುಡಿಗೆ ಹಿಡಿದರು. ಹತ್ತಿಯ ನೂಲು ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಕರಗಿ, ತುದಿಯಲ್ಲಿ ಗಟ್ಟಿ ಉಂಡೆ ಕಟ್ಟುತ್ತದೆ. ಉಂಡೆ ಕಟ್ಟಿತು.

"ಇದು ಬ್ಯಾಡ ಅಕ್ಕಾ. ಮೈಬೆವರು ಹೀರಲ್ಲ. ಮಳೆಗಾಲದಾಗೆ ಪದರದೊಳಗೇ ಥಂಡಿ ಹಿಡ್ಕಂಡು ಕೂತ್ಕತ್ತದೆ" ಎಂದು ಮಡಿಸಿ ವಾಪಸ್ ಕೊಟ್ಟರು.

ರೇಷ್ಮೆಗೂ ಇದೇ ಗತಿ. ತಾಯಿಯ ಮದುವೆ ಸೀರೆ, ಅಜ್ಜಿಯ ಧಾರೆ ಸೀರೆ ಎಂದು ನೆನಪಿನ ಕೌದಿ ಮಾಡಿಸುವ ಆಸೆಯಿಂದ ಬೆಂಗಳೂರಿನಿಂದ ರೇಷ್ಮೆ ಹೊತ್ತುಕೊಂಡು ಬರುವವರು ಈಗೀಗ ಹೆಚ್ಚುತ್ತಿದ್ದಾರಂತೆ. ರೇಷ್ಮೆಯೂ ಹತ್ತಿಯೂ ನೀರಿಗೆ ಬಿದ್ದಾಗ ಒಂದೇ ರೀತಿ ಕುಗ್ಗುವುದಿಲ್ಲವಾದ್ದರಿಂದ ಎರಡನ್ನೂ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಬಟ್ಟೆ ಸುಕ್ಕುಗಟ್ಟುತ್ತದೆ, ಹಳೆಯ ರೇಷ್ಮೆಯಾದರೆ ಮಡಿಕೆಯ ಜಾಡಿನಲ್ಲೇ ಸೀಳುತ್ತದೆ. ಅಂಥವರಿಗೆ ಇವರು ಸೆರಗಿನ ಒಂದು ತುಂಡನ್ನು ಗೋಡೆಗೆ ನೇತುಹಾಕುವ ಚೌಕವಾಗಿ ಮಾಡಿಕೊಡುತ್ತೇವೆ, ಹೊದೆಯುವುದಕ್ಕೆ ಬೇಡ ಎನ್ನುತ್ತಾರೆ. ಬಂದ ಗಿರಾಕಿಯನ್ನು ಹೀಗೆ ತಡೆದು ನಿಲ್ಲಿಸುವ ಕಸುಬಿನವರು ಕಡಿಮೆ. ನೆನಪಿಗೆ ಬೆಲೆ ಕಟ್ಟುವ ವ್ಯಾಪಾರ ಈಗ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿರುವಾಗ, ಬಟ್ಟೆಯನ್ನು ಬಟ್ಟೆಯಾಗಿಯೇ ನೋಡುವ ಈ ನಿಷ್ಠುರತೆ ನನಗೆ ಹಿಡಿಸಿತು.

ಇನ್ನು ಪದರಗಳ ವಿಷಯ. ಆರು ಗಜದ ಸೀರೆ ಸುಮಾರು ಹದಿನೆಂಟು ಅಡಿ ಉದ್ದವಿರುತ್ತದೆ. ಅದನ್ನು ನಡುವೆ ಕತ್ತರಿಸಿ, ಬಂದ ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಒಂಬತ್ತು ಅಡಿ ಉದ್ದ, ಏಳೂವರೆ ಅಡಿಯಷ್ಟು ಅಗಲದ ಒಂದು ಪದರ ಸಿಗುತ್ತದೆ. ಅಂಚು ಮಡಿಸಿ ಹೊಲಿಯುವಷ್ಟರಲ್ಲಿ ಒಂದಿಷ್ಟು ಒಳಗೆ ಹೋದರೂ ಇಬ್ಬರಿಗೆ ಧಾರಾಳವಾಗುತ್ತದೆ. ಹೀಗೆ ಒಂದು ಪದರಕ್ಕೆ ಒಂದು ಸೀರೆ. ಹಾವೇರಿ, ಧಾರವಾಡದ ಕಡೆಯ ಕೌದಿಗಳಲ್ಲಿ ಆರು ಏಳು ಪದರ ಹಾಕಿ, ಹೊದೆಯುವುದಕ್ಕೂ ಹಾಸುವುದಕ್ಕೂ ಆಗುವಷ್ಟು ದಪ್ಪ ಮಾಡುವುದುಂಟು. ಅತ್ತೆಯವರು ಬಯಲುಸೀಮೆಯಿಂದ ಮದುವೆಯಾಗಿ ಬಂದವರು, ಕೌದಿಯ ಕೆಲಸ ಕಲಿತದ್ದೂ ತವರಿನಲ್ಲೇ. ಆದರೆ ಇಲ್ಲಿ ಅವರು ನಾಲ್ಕು ಪದರಕ್ಕಿಂತ ಹೆಚ್ಚು ಹಾಕುವುದಕ್ಕೆ ಒಪ್ಪುವುದಿಲ್ಲ. ಕಾರಣ ಬಿಸಿಲು. ಬಯಲುಸೀಮೆಯಲ್ಲಿ ಹಗಲಿಡೀ ಬಿಸಿಲು ಕಾಯುವುದರಿಂದ ದಪ್ಪ ಕೌದಿಯೂ ಒಣಗುತ್ತದೆ. ಇಲ್ಲಿ ಮಾರ್ಗಶಿರ, ಪುಷ್ಯದಲ್ಲೂ ಬೆಳಗಿನ ಮಂಜು ಕರಗುವಷ್ಟರಲ್ಲಿ ಒಂದು ಜಾವ ಕಳೆದಿರುತ್ತದೆ, ಮಧ್ಯಾಹ್ನ ಮೂರು ದಾಟಿದರೆ ಮರಗಳ ನೆರಳು ಅಂಗಳಕ್ಕೆ ಬಂದಿರುತ್ತದೆ. ಆರು ಪದರದ ಕೌದಿಯ ಹೊರಮೈ ಆರಿದಂತೆ ಕಂಡರೂ ನಡುವಿನ ಪದರ ಹಸಿಯಾಗಿಯೇ ಉಳಿದು, ಮಡಿಸಿಟ್ಟ ಕೆಲವೇ ದಿನಗಳಲ್ಲಿ ಕಪ್ಪು ಚುಕ್ಕೆ ಏಳುತ್ತದೆ.

ಹಾಗಾಗಿ ಹೆಚ್ಚು ಬೆಚ್ಚಗೆ ಬೇಕು ಎಂದು ಕೇಳಿದವರಿಗೆ ಅವರು ಕೊಡುವ ಸಲಹೆ, ಒಂದು ದಪ್ಪ ಕೌದಿಯ ಬದಲು ಎರಡು ತೆಳು ಕೌದಿ ಹೊಲಿಸಿ ಒಂದರ ಮೇಲೊಂದು ಹೊದೆಯಿರಿ ಎಂದು. ಮೊದಲು ಕೇಳಿದಾಗ ಇದು ಎರಡು ಕೂಲಿ ಗಿಟ್ಟಿಸುವ ಜಾಣತನ ಎನ್ನಿಸುವುದು ಸಹಜ. ಬಳಸಿ ನೋಡಿದರೆ ಅದರಲ್ಲಿ ಹುರುಳಿರುವುದು ಗೊತ್ತಾಗುತ್ತದೆ. ಎರಡು ಕೌದಿಗಳ ನಡುವೆ ನಿಲ್ಲುವ ಗಾಳಿಯೇ ಚಳಿಯನ್ನು ತಡೆಯುತ್ತದೆ. ಡಿಸೆಂಬರಿನ ರಾತ್ರಿ ಹದಿನೈದು ಡಿಗ್ರಿಯ ಆಸುಪಾಸಿಗೆ ಇಳಿದಾಗ ಎರಡನ್ನೂ ಹೊದ್ದು, ಸೆಖೆಯ ಮಾರ್ಚಿನಲ್ಲಿ ಒಂದನ್ನು ತೆಗೆದಿಡಬಹುದು. ಒಗೆದಾಗ ನಾಲ್ಕು ಪದರ ಒಂದೇ ಒಳ್ಳೆಯ ಬಿಸಿಲಿಗೆ ಪೂರ್ತಿ ಆರುತ್ತದೆ. ನನ್ನ ದೊಡ್ಡ ಕೌದಿ ಒಣಗಿದ್ದಾಗ ಎರಡೂವರೆ ಕಿಲೋದಷ್ಟು ತೂಗುತ್ತದೆ, ನೆನೆದಾಗ ಒಬ್ಬರೇ ಎತ್ತಿ ತಂತಿಗೆ ಹಾಕುವುದು ಕಷ್ಟ. ಆರು ಪದರವಾಗಿದ್ದರೆ ಇಬ್ಬರು ಬೇಕಾಗುತ್ತಿತ್ತು.

ಹೊಲಿಗೆ ಪೂರ್ತಿ ಕೈಯದು. ಪದರಗಳನ್ನು ಚಾಪೆಯ ಮೇಲೆ ಹರಡಿ, ಸುಕ್ಕು ತೆಗೆದು, ಮೊದಲಿಗೆ ಅಂಗೈಯುದ್ದದ ದೊಡ್ಡ ಹೊಲಿಗೆಗಳಿಂದ ತಾತ್ಕಾಲಿಕವಾಗಿ ಹಿಡಿದಿಡುತ್ತಾರೆ. ಆಮೇಲೆ ಅಂಚಿನಿಂದ ಶುರುಮಾಡಿ, ಒಂದು ಬೆರಳಗಲದ ಅಂತರ ಬಿಟ್ಟು, ಚೌಕದೊಳಗೆ ಚೌಕವಾಗಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗೆ ಬಂದಾಗ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಕೌದಿಯನ್ನು ಕಾಲು ಸುತ್ತು ತಿರುಗಿಸಿ, ಎಡಗೈಯ ಹೆಬ್ಬೆರಳಿನಿಂದ ಪದರಗಳನ್ನು ಒತ್ತಿ ಹಿಡಿದು, ಅದೇ ತೂತಿನ ಪಕ್ಕಕ್ಕೆ ಸೂಜಿಯನ್ನು ಮತ್ತೆ ಇಳಿಸುವುದನ್ನು ಹತ್ತಿರ ಕೂತು ನೋಡಿದರೆ, ಮೂಲೆಗಳು ಯಾಕೆ ಉಬ್ಬಿ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ. ದಾರ ಮುಗಿದ ಕಡೆ ಗಂಟನ್ನು ಮೇಲೆ ಬಿಡದೆ, ಮೆಲ್ಲಗೆ ಜಗ್ಗಿ ಪದರಗಳ ಒಳಕ್ಕೆ ಸೇರಿಸುತ್ತಾರೆ. ಹತ್ತಿಯ ದಾರವನ್ನೇ ಬಳಸುತ್ತಾರೆ; ಗಟ್ಟಿಯಾದ ಪಾಲಿಯೆಸ್ಟರ್ ದಾರ ಹಳೆಯ ಮೆದು ಬಟ್ಟೆಯನ್ನು ಒಳಗೊಳಗೇ ಕೊಯ್ಯುತ್ತದೆ ಎಂಬುದು ಅವರ ಅನುಭವ.

ನಾಲ್ವರು ನಾಲ್ಕು ಮಗ್ಗುಲಲ್ಲಿ ಕೂತು ಹೊಲಿಯುವುದರಿಂದ ಒಂದೇ ಕೌದಿಯಲ್ಲಿ ನಾಲ್ಕು ಕೈಗಳ ಹೊಲಿಗೆ ಬರುತ್ತದೆ. ಒಬ್ಬರದು ಅಕ್ಕಿಕಾಳಿನಷ್ಟು ಸಣ್ಣದಾಗಿ ಒತ್ತೊತ್ತಾಗಿದ್ದರೆ, ಇನ್ನೊಬ್ಬರದು ಅದರ ಎರಡರಷ್ಟು ಉದ್ದ. ನೇರವಾದ ಗೆರೆ, ಒಂದೇ ಸಮನಾದ ಹೊಲಿಗೆ ಬೇಕೆನ್ನುವವರಿಗೆ ಇದು ಕೊರತೆಯಾಗಿಯೇ ಕಾಣುತ್ತದೆ, ಅದರಲ್ಲಿ ತಪ್ಪೇನಿಲ್ಲ. ನನ್ನ ಆಕ್ಷೇಪವಿರುವುದು ಉದ್ದ ಹೊಲಿಗೆಯ ಭಾಗದ ಬಗ್ಗೆ: ಕಾಲ್ಬೆರಳು, ಬಳೆ ಸಿಕ್ಕಿಕೊಳ್ಳುವುದು ಅಲ್ಲೇ, ವರ್ಷದೊಳಗೆ ಎರಡು ಕಡೆ ದಾರ ಹರಿದದ್ದೂ ಅಲ್ಲೇ. ಹೊಸದಾಗಿ ಕಲಿಯುತ್ತಿರುವವರ ಕೈಗೆ ಕಾಲಿನ ಕಡೆಯ ಭಾಗವನ್ನು ಕೊಡದಿದ್ದರೆ ಒಳ್ಳೆಯದು.

ವಿನ್ಯಾಸದಲ್ಲಿ ಹೆಚ್ಚಿನ ಆಯ್ಕೆ ಇಲ್ಲ. ಮೇಲ್ಪದರದಲ್ಲಿ ಚೌಕ ಮತ್ತು ತ್ರಿಕೋನದ ತುಂಡುಗಳು, ಸುತ್ತ ಒಂದು ಪಟ್ಟಿ, ಅಷ್ಟೇ. ಫೋನಿನಲ್ಲಿ ಅಮೆರಿಕದ ಕ್ವಿಲ್ಟ್‌ಗಳ ಚಿತ್ರ ತೋರಿಸಿ ಹೀಗೇ ಬೇಕು ಎಂದವರನ್ನು ನಯವಾಗಿ ಕಳುಹಿಸಿಬಿಡುತ್ತಾರೆ. ಅದಕ್ಕೆ ಕಾರಣವೂ ಇದೆ. ಆ ದೇಶಗಳ ಕ್ವಿಲ್ಟ್ ಸಾಮಾನ್ಯವಾಗಿ ಮೂರು ಪದರದ್ದು: ತುಂಡುಗಳನ್ನು ಜೋಡಿಸಿದ ಮೇಲ್ಪದರ, ನಡುವೆ ಹತ್ತಿ, ಉಣ್ಣೆ ಅಥವಾ ಪಾಲಿಯೆಸ್ಟರ್ ನಾರಿನ ಹಾಸು, ಕೆಳಗೊಂದು ಬಟ್ಟೆ. ಕೌದಿಯಲ್ಲಿ ನಡುವಿನ ಹಾಸು ಇಲ್ಲ. ಹಳೆಯ ಬಟ್ಟೆಯೇ ತುಂಬು, ಹೊಲಿಗೆಯೇ ಬಲ. ನಮ್ಮಲ್ಲೇ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಬಣ್ಣಗಳ ಧೈರ್ಯದಲ್ಲಿ ಇವರದಕ್ಕಿಂತ ಬಹಳ ಮುಂದಿವೆ. ಅವರು ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳದೆ, ಅಂಚಿನಿಂದ ಒಳಕ್ಕೆ ಒಂದೊಂದೇ ತುಂಡನ್ನಿಟ್ಟು ಹೊಲಿಯುತ್ತ ಹೋಗಿ, ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ತ್ರಿಕೋನದ ಹೂವನ್ನು ಸೇರಿಸುತ್ತಾರೆ. ನೋಟಕ್ಕೇ ಪ್ರಾಧಾನ್ಯ ಕೊಡುವವರು ಅಲ್ಲಿನ ಕೌದಿಯನ್ನು ಹುಡುಕುವುದು ಮೇಲು. ತೀರ್ಥಹಳ್ಳಿಯವರ ಹೆಚ್ಚುಗಾರಿಕೆ ಬಟ್ಟೆಯ ಪರೀಕ್ಷೆಯಲ್ಲಿ ಮತ್ತು ಪದರದ ಲೆಕ್ಕದಲ್ಲಿದೆ, ಚೆಲುವಿನಲ್ಲಲ್ಲ.

ಈ ಗುಂಪು ಚಳಿಗಾಲದಲ್ಲಿ ಮಾತ್ರ ಕೆಲಸ ಮಾಡುವುದಕ್ಕೂ, ಹೇಳಿದ ಹೊತ್ತಿಗೆ ಕೌದಿ ಕೊಡದಿರುವುದಕ್ಕೂ ಊರಿನ ಬದುಕೇ ಕಾರಣವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ತಿಕ ಕಳೆದು ಮೋಡ ಚದುರಿದ ಮೇಲೆಯೇ ಬಟ್ಟೆಯನ್ನು ಪೂರ್ತಿ ಒಣಗಿಸಿ ಹೊಲಿಯಲು ಸಾಧ್ಯ. ಒಂಚೂರು ಹಸಿಯಿದ್ದಾಗ ಹೊಲಿದರೆ ಆಮೇಲೆ ಹೊಲಿಗೆ ಸಡಿಲವಾಗುತ್ತದಂತೆ. ಆದರೆ ಅದೇ ಕಾಲಕ್ಕೆ ತೋಟಗಳಲ್ಲಿ ಅಡಿಕೆ ಕೊನೆ ಇಳಿಸುವ ಕೆಲಸ ಶುರುವಾಗಿ, ಸಂಜೆಯಿಂದ ತಡರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಸುಲಿದಷ್ಟಕ್ಕೂ ಕೂಲಿ ಸಿಗುವ ಆ ಕೆಲಸದಲ್ಲಿ ನುರಿತವರು ಕೌದಿಯ ಕೂಲಿಗಿಂತ ಚೆನ್ನಾಗಿಯೇ ದುಡಿಯುತ್ತಾರೆ. ಜಗುಲಿಯಲ್ಲಿ ಇಂದು ಆರು ಜನರಿದ್ದರೆ ನಾಳೆ ಇಬ್ಬರೇ ಇರುವುದಕ್ಕೆ ಇದು ಕಾರಣ. ಅಡಿಕೆಯ ಒಗರು ರಸವಾದ ಚೊಗರು ಹತ್ತಿ ಕಪ್ಪಾದ ಬೆರಳುಗಳಲ್ಲಿ ಅವರು ಬಿಳಿ ಬಟ್ಟೆ ಮುಟ್ಟುವುದಿಲ್ಲ, ಅಂಥ ದಿನ ಕಡುಬಣ್ಣದ ಭಾಗಗಳನ್ನೇ ಹೊಲಿಯುತ್ತಾರೆ. ಅಷ್ಟು ಎಚ್ಚರವಿದ್ದರೂ ನನ್ನ ಒಂದು ಕೌದಿಯ ಮೂಲೆಯಲ್ಲಿ ಕಂದು ಕಲೆಯೊಂದು ಉಳಿದಿದೆ. ಚೊಗರಿನ ಕಲೆ ಎಷ್ಟು ಗಟ್ಟಿಯೆಂದರೆ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿರುವ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಹಾಕುವ ನೈಸರ್ಗಿಕ ಬಣ್ಣಗಳಲ್ಲಿ ಅದೂ ಒಂದು. ಹಾಗಾಗಿ ಆ ಕಲೆಯನ್ನು ತೆಗೆಯುವ ಪ್ರಯತ್ನವನ್ನು ನಾನು ಮಾಡಲೇ ಇಲ್ಲ.

ಅಡಿಕೆಯ ಜೊತೆಗೆ ಎಳ್ಳಮಾವಾಸ್ಯೆ ಜಾತ್ರೆ. ತುಂಗೆಯ ರಾಮಕೊಂಡದಲ್ಲಿ ತೀರ್ಥಸ್ನಾನ, ರಾಮೇಶ್ವರ ದೇವರ ರಥೋತ್ಸವ, ಕೊನೆಗೆ ಹೊಳೆಯಲ್ಲಿ ತೆಪ್ಪೋತ್ಸವ ಎಂದು ಊರು ತುಂಬಿ ತುಳುಕುವ ಆ ದಿನಗಳಲ್ಲಿ ಪೇಟೆಯ ಪ್ರತಿ ಮನೆಯಲ್ಲೂ ನೆಂಟರು. ಹಾಸಿಗೆ, ಹೊದಿಕೆಗಳಿಗೆ ಅಭಾವ ಬೀಳುವುದೂ ಆಗಲೇ, ಆದ್ದರಿಂದ ಜಾತ್ರೆಯೊಳಗೆ ಕೌದಿ ಬೇಕೆಂದು ಎಲ್ಲರೂ ದುಂಬಾಲು ಬೀಳುತ್ತಾರೆ. ಅದರ ಆಸುಪಾಸಿನಲ್ಲೇ ಕ್ರಿಸ್‌ಮಸ್ ರಜೆ, ಡಿಸೆಂಬರ್ 29ಕ್ಕೆ ಕುವೆಂಪು ಜನ್ಮದಿನದ ನೆಪದಲ್ಲಿ ಕುಪ್ಪಳಿಗೆ ಬರುವವರು, ವರ್ಷದ ಕೊನೆಗೆ ಹೋಮ್‌ಸ್ಟೇಗಳಲ್ಲಿ ತುಂಬಿಕೊಳ್ಳುವ ಬೆಂಗಳೂರಿನವರು, ಬೆಳಗಿನ ಜಾವದ ಧನುರ್ಮಾಸದ ಪೂಜೆ, ರಾತ್ರಿ ಬಯಲಾಟ. ಬೇಸಿಗೆಯಲ್ಲಿ ಮದುವೆಗಳಿಗಷ್ಟೇ ಏಳುವ ಊರು ಈ ಒಂದು ತಿಂಗಳಲ್ಲಿ ಮಲಗುವುದೇ ಇಲ್ಲ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಬಟ್ಟೆ ಕೊಡಲು ಮತ್ತು ಹೊಲಿಗೆ ಎಲ್ಲಿಗೆ ಬಂತೆಂದು ನೋಡಲು ಹೋದಾಗ ಆ ಜಗುಲಿಯಲ್ಲಿ ಕೂತು ಕಳೆದ ಹೊತ್ತು ಈ ಸೇವೆಯ ಬೆಲೆಯಲ್ಲಿ ಸೇರಿಲ್ಲ, ಆದರೆ ಸೇರಿಸಿದರೂ ಕೊಡಬಹುದಿತ್ತು. ಹೊಲಿಯುವವರಲ್ಲಿ ಬೇರೆ ಬೇರೆ ಜಾತಿ, ಮತದವರಿದ್ದಾರೆ. ಕ್ರೈಸ್ತ ಮನೆಯ ಹೆಂಗಸೊಬ್ಬರು ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ, ಡಬ್ಬಿ ತಂದು ನೆವ್ರಿ, ಕಿಡಿಯೊ ಹಂಚಿದರು. ಎಣ್ಣೆಗೈ ಕೌದಿಗೆ ತಾಗಬಾರದೆಂದು ಅತ್ತೆಯವರು ಎಲ್ಲರನ್ನೂ ಮೆಟ್ಟಿಲಿನ ಮೇಲೆ ಕೂರಿಸಿಯೇ ತಿನ್ನಿಸಿದರು. ರಜೆಗೆಂದು ಅಜ್ಜಿ ಮನೆಗೆ ಬಂದಿದ್ದ ಮಕ್ಕಳಿಗೆ ರಟ್ಟಿನ ಚೌಕವನ್ನು ಕೊಟ್ಟು, ಅದರ ಅಳತೆಗೆ ತುಂಡುಗಳಿಗೆ ಗೀಟು ಹಾಕುವ ಕೆಲಸ ಹಚ್ಚಿದ್ದರು. ಯಾರ ಮನೆಯ ಕೊನೆಗಾರ ಈ ವರ್ಷ ಕೈಕೊಟ್ಟ, ಯಾರ ಮಗಳ ಬಾಣಂತನ ಯಾವ ತಿಂಗಳಿಗೆ, ಜಾತ್ರೆಯಲ್ಲಿ ಈ ಸಲ ತಿರುಗುವ ತೊಟ್ಟಿಲು ಎಲ್ಲಿ ಹಾಕುತ್ತಾರೆ ಎಂಬ ಮಾತುಗಳ ನಡುವೆ ಸೂಜಿಗಳು ನಿಲ್ಲುವುದಿಲ್ಲ. ಕೇರಿಯಲ್ಲಿ ಹೆರಿಗೆಯಾದ ಮನೆಗೆ ಕೂಲಿ ಪಡೆಯದೆ ಒಂದು ಕೂಸಿನ ಕೌದಿ ಕೊಡುವ ರೂಢಿಯನ್ನೂ ಇಟ್ಟುಕೊಂಡಿದ್ದಾರೆ. ಅದಕ್ಕೆ ಬೇಕಾದ ಬಟ್ಟೆಯನ್ನು ಗಿರಾಕಿಗಳ ಗಂಟಿನಲ್ಲಿ ಉಳಿದ ಚೂರುಗಳಿಂದ ಹೊಂದಿಸುತ್ತಾರೆ, ಆದರೆ ಉಳಿದದ್ದನ್ನು ಇಟ್ಟುಕೊಳ್ಳಬಹುದೇ ಎಂದು ಕೇಳಿಯೇ ಇಟ್ಟುಕೊಳ್ಳುತ್ತಾರೆ.

ಇಷ್ಟೆಲ್ಲದರ ನಡುವೆ ಗಡುವು ಉಳಿಯುವುದು ಕಷ್ಟ. ಒಪ್ಪಿಕೊಳ್ಳಬಹುದಾದ ವಿಳಂಬ ಬೇರೆ, ಅಸ್ಪಷ್ಟವಾದ ಮಾತು ಬೇರೆ. "ಜಾತ್ರೆ ಕಳೀಲಿ, ಬನ್ನಿ" ಎಂಬುದು ಅವರ ಖಾಯಂ ಉತ್ತರ. ಎಳ್ಳಮಾವಾಸ್ಯೆ ಪ್ರತಿ ವರ್ಷ ಒಂದೇ ತಾರೀಕಿಗೆ ಬೀಳುವುದಿಲ್ಲ: 2024ರಲ್ಲಿ ಡಿಸೆಂಬರ್ 30ಕ್ಕೆ ಬಿದ್ದದ್ದು, 2025ರಲ್ಲಿ 19ರ ಹೊತ್ತಿಗೇ ಬಂದಿತ್ತು. ಊರಿನವರಿಗೆ ಇದು ತಿಳಿದೇ ಇರುತ್ತದೆ, ಹೊರಗಿನಿಂದ ಬರುವವರಿಗೆ ತಾರೀಕು ಬೇಕು. ಅಲ್ಲದೆ ಜಾತ್ರೆ ಕಳೆದರೆ ಎಂದರೆ ಮರುದಿನವೇ, ಜಾತ್ರೆಯ ಅಂಗಡಿಗಳು ಎದ್ದ ಮೇಲೆಯೇ ಎಂಬುದಕ್ಕೆ ನಿಖರ ಉತ್ತರವಿಲ್ಲ. ನನ್ನ ಕೌದಿಗಳು ಕೈಗೆ ಬಂದದ್ದು ಸಂಕ್ರಾಂತಿ ದಾಟಿದ ಮೇಲೆ. ಶಿವಮೊಗ್ಗದಿಂದ ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದು, "ಇನ್ನೊಂದು ಮಗ್ಗುಲು ಬಾಕಿ ಇದೆ ಅಕ್ಕಾ" ಎಂದು ಕೇಳಿಸಿಕೊಂಡು ಬರಿಗೈಯಲ್ಲಿ ಹಿಂದಿರುಗುವವರ ಸಿಟ್ಟು ನ್ಯಾಯವಾದದ್ದೇ. ಫೋನ್ ನಂಬರು ಕೊಡುತ್ತಾರೆ, ಆದರೆ ಅಡಿಕೆ ಸುಲಿಯುವ ದಿನಗಳಲ್ಲಿ ಅದನ್ನು ಎತ್ತುವವರಿಲ್ಲ. ಆ ನೋಟ್‌ಬುಕ್ಕಿನಲ್ಲೇ ಒಂದು ತಾರೀಕು ಬರೆದು, ತಪ್ಪುವುದಾದರೆ ಒಂದು ಮೆಸೇಜು ಕಳುಹಿಸುವಷ್ಟು ಶಿಸ್ತನ್ನು ಮನೆಯ ಹುಡುಗರಿಗಾದರೂ ವಹಿಸಬಹುದು.

ಬಳಕೆಯ ವಿಷಯಕ್ಕೆ ಬಂದರೆ, ಮೊದಲ ಒಗೆತದಲ್ಲಿ ನಮ್ಮ ಬಟ್ಟೆಗಳಾವುವೂ ಬಣ್ಣ ಬಿಡಲಿಲ್ಲ, ಬಿಟ್ಟದ್ದು ಅವರೇ ಹೊಸದಾಗಿ ಹಾಕಿದ ಕೆಂಪು ಅಂಚುಪಟ್ಟಿ. ಗಿರಾಕಿಯ ಸೀರೆಗಳನ್ನು ಬಿಸಿನೀರಿನಲ್ಲಿ ಅದ್ದಿ ನೋಡುವವರು ಅಂಗಡಿಯಿಂದ ತಂದ ಪಟ್ಟಿಯನ್ನು ನಂಬಿಬಿಟ್ಟದ್ದು ವಿಚಿತ್ರ. ಬಿಳಿ ತುಂಡುಗಳಲ್ಲಿ ಮೂರ್ನಾಲ್ಕು ಗುಲಾಬಿಯಾದವು. ಹೊಸ ಬಟ್ಟೆ ಕುಗ್ಗುವುದರಿಂದ ಒಂದು ಕಡೆ ಅಂಚು ಸ್ವಲ್ಪ ಎಳೆದುಕೊಂಡಂತೆಯೂ ಆಗಿದೆ. ಈ ವರ್ಷ ಹೋಗಿ ತೋರಿಸಿದಾಗ ವಾದಿಸದೆ ಪಟ್ಟಿ ಬಿಚ್ಚಿ, ಹಳೆಯ ಪಂಚೆಯ ಅಂಚಿನಿಂದ ಬೇರೆ ಪಟ್ಟಿ ಹಾಕಿಕೊಟ್ಟರು, ಹಣ ಕೇಳಲಿಲ್ಲ. ಹೊಲಿಸುವವರು ಮೊದಲೇ, ಅಂಚಿಗೂ ಹಳೆಯ ಬಟ್ಟೆಯನ್ನೇ ಹಾಕಿ ಎಂದು ಹೇಳಿದರೆ ಈ ತೊಂದರೆ ಬರುವುದಿಲ್ಲ.

ಮಳೆಗಾಲದ ಪರೀಕ್ಷೆಯಲ್ಲಿ ಕೌದಿ ಪಾಸಾಯಿತು. ಆಷಾಢದ ಸುರಿಮಳೆಯಲ್ಲಿ ಅದನ್ನು ಒಗೆಯಲಿಲ್ಲ, ಒಗೆಯಬಾರದೆಂದು ಅವರೂ ಹೇಳಿದ್ದರು. ವಾರಕ್ಕೊಮ್ಮೆ ಬಚ್ಚಲೊಲೆಯ ಬೆಚ್ಚಗಿನ ಜಾಗದಲ್ಲಿ, ಹೊಗೆ ನೇರ ತಾಗದಂತೆ ಬಿದಿರಿನ ಗಳಕ್ಕೆ ಹರವಿ ರಾತ್ರಿ ತೆಗೆದುಕೊಂಡರೆ ಸಾಕಾಗುತ್ತಿತ್ತು. ಒಲೆಯಿಲ್ಲದ ಶಿವಮೊಗ್ಗದ ಮನೆಯಲ್ಲಿ ಫ್ಯಾನಿನ ಕೆಳಗೆ ಹರವಿಟ್ಟೆ, ಅದೂ ನಡೆಯಿತು. ಹೋಲಿಕೆಗಾಗಿ ಹೇಳುವುದಾದರೆ, ಅದೇ ಕಪಾಟಿನಲ್ಲಿದ್ದ ಪಾಲಿಯೆಸ್ಟರ್ ನಾರು ತುಂಬಿದ ರಜಾಯಿ ಶ್ರಾವಣದ ಹೊತ್ತಿಗೆ ಮುಗ್ಗುಲು ಹಿಡಿದಿತ್ತು, ಅದನ್ನು ಒಗೆದರೆ ಒಳಗಿನ ನಾರು ಗುಡ್ಡೆಗಟ್ಟುತ್ತದೆ. ಸೊಲ್ಲಾಪುರದ ಚಾದರ ಬೇಗ ಒಣಗುತ್ತದೆ, ಆದರೆ ಪುಷ್ಯದ ಚಳಿಗೆ ಒಂದು ಸಾಲದು. ಕಂಬಳಿಯ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾದ್ದೇನೂ ಇಲ್ಲ. ಮಳೆಯಲ್ಲಿ ಕೊಪ್ಪೆಯಾಗಿ ಹೊದ್ದು ಗದ್ದೆಗಿಳಿದವರ ಮೊಮ್ಮಕ್ಕಳು ಈಗ ಅದು ಚುಚ್ಚುತ್ತದೆ ಎನ್ನುತ್ತಾರೆ, ಚುಚ್ಚುವುದು ನಿಜವೂ ಹೌದು. ಕಂಬಳಿಯ ಕೆಳಗೆ ಒಂದು ಕೌದಿ ಇಟ್ಟುಕೊಂಡರೆ ಆ ದೂರೂ ಇರುವುದಿಲ್ಲ.

ಅಂಗಡಿಯ ಹೊದಿಕೆಗಿಂತ ಇದು ಅಗ್ಗವೇ ಎಂದರೆ, ಬಟ್ಟೆ ನಮ್ಮದೇ ಆದ್ದರಿಂದ ಹೌದು. ಎರಡು ಕೌದಿ ಹೊಲಿಸಿದರೆ ಹೆಚ್ಚುಕಡಿಮೆ ಒಂದು ಒಳ್ಳೆಯ ಕಾರ್ಖಾನೆ ರಜಾಯಿಯ ಬೆಲೆಗೆ ಬರುತ್ತದೆ. ಹೆಂಗಸರ ದುಡಿಮೆಯ ಲೆಕ್ಕದಲ್ಲಿ ನೋಡಿದರೆ ದರ ತೀರಾ ಕಡಿಮೆ. ಅವರು ಇನ್ನೂ ಐನೂರು ಹೆಚ್ಚು ಕೇಳಿದರೂ ಚೌಕಾಸಿಗೆ ಇಳಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಹಳೆಯ ನೂಲಿನ ಸೀರೆಗಳಿದ್ದು, ಕಾಯುವ ತಾಳ್ಮೆಯೂ ಇರುವವರು ಇಲ್ಲಿಗೆ ಬರಬಹುದು. ಉಡುಗೊರೆಗೆಂದು ನಿಗದಿತ ದಿನಕ್ಕೆ ಬೇಕಾದವರು, ನೇರ ಗೆರೆಯ ಹೊಲಿಗೆ ಬಯಸುವವರು, ವಾಷಿಂಗ್ ಮೆಷಿನ್ನಿಗೆ ಹಾಕಿಯೇ ಒಗೆಯುವವರು ಬೇರೆ ಕಡೆ ನೋಡುವುದು ಒಳಿತು.

ಬರುವವರು ಸೀರೆಗಳ ಗಂಜಿಯನ್ನು ಪೂರ್ತಿ ತೆಗೆದು ಒಣಗಿಸಿ ತರಬೇಕು, ಏಕೆಂದರೆ ಗಂಜಿ ಉಳಿದರೆ ಮಡಿಸಿಟ್ಟಾಗ ಹುಳು ಬೀಳುತ್ತದೆ. ಪಾತ್ರೆಯವರಿಗೆ ಹಳೆ ಸೀರೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವ ಮನೆಗಳಲ್ಲಿ ಅತ್ತೆ, ಅಮ್ಮಂದಿರಿಗೆ ಮೊದಲೇ ಹೇಳಿಟ್ಟಿರುವುದೂ ಅಗತ್ಯ. ಲೆಕ್ಕಕ್ಕಿಂತ ಒಂದೆರಡು ಸೀರೆ ಹೆಚ್ಚೇ ಇರಲಿ, ದೀಪದ ಕುಡಿಯ ಪರೀಕ್ಷೆಯಲ್ಲಿ ಒಂದಾದರೂ ವಾಪಸ್ ಬರುತ್ತದೆ. ತುಳಸಿ ಹಬ್ಬದೊಳಗೆ ಬಟ್ಟೆ ಮುಟ್ಟಿಸಿದರೆ ಜಾತ್ರೆಗೆ ಮುಂಚೆ ಸಿಗುವ ಸಂಭವವಿದೆ, ಆಮೇಲೆ ಕೊಟ್ಟರೆ ಸಂಕ್ರಾಂತಿಯ ನಂತರವೇ ಎಂದುಕೊಂಡಿರಬೇಕು. ಉಳಿದ ಹಣವನ್ನು ಯುಪಿಐ ಮೂಲಕ ಕಳುಹಿಸಿದರೂ ಒಪ್ಪುತ್ತಾರೆ.